ಗಟ್ಟಿಯಾಗುವ ನಲವತ್ತು ನಿಮಿಷ

ಮಾರ್ಚ್ 3, ಸೋಮವಾರ

ಈ ಪುಸ್ತಕ ನಾನು ಕೆಲಸ ಮಾಡುವ ಹಲ್ಲಿನ ಲ್ಯಾಬಿನದು. ಹಳೆಯ ಡೆಲಿವರಿ ಪುಸ್ತಕ, ಹಿಂದಿನ ಅರ್ಧ ಖಾಲಿ ಇತ್ತು. ಲ್ಯಾಬಿನ ಯಜಮಾನರನ್ನು ಕೇಳಿಯೇ ತೆಗೆದುಕೊಂಡೆ. ಕೇಳಿದೆನೋ ಇಲ್ಲವೋ ಎಂದು ಮನೆಗೆ ಬಂದ ಮೇಲೆ ಅನುಮಾನವಾಗಿ ಮಾರನೆಯ ದಿನ ಇನ್ನೊಂದು ಸಲ ಕೇಳಿದೆ. "ಒಂದೇ ಪುಸ್ತಕಾನ ಎಷ್ಟು ಸಲ ಕೊಡ್ಲಮ್ಮಾ" ಎಂದರು.

ಬರೆ ಎಂದು ಹೇಳಿದ್ದು ನಮ್ಮವರು. ಅವರದು ಲಿಫ್ಟ್ ರಿಪೇರಿ ಕೆಲಸ. ದಿನವೆಲ್ಲ ಜನ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಕೂಗಾಡುವುದನ್ನು ಕೇಳಿಸಿಕೊಂಡು ಮನೆಗೆ ಬಂದರೆ ಇಲ್ಲಿ ನಾನು. "ಏ ಪುಣ್ಯಾತ್ಗಿತ್ತಿ, ನಿನಗೆ ಏನೇನು ಭಯ ಆಗತ್ತೋ ಎಲ್ಲ ಒಂದು ಕಡೆ ಬರೆದಿಡು. ನನ್ನ ಕಿವಿಗೂ ವಾರಕ್ಕೊಂದು ರಜೆ ಬೇಕು" ಎಂದರು. ನಾನು ಶಾಲೆ ಬಿಟ್ಟಿದ್ದು ಏಳನೆಯ ಕ್ಲಾಸಿನ ನಡುವೆ. ಎರಡು ವರ್ಷ ಬಿಟ್ಟು ಮತ್ತೆ ಸೇರಿದೆ, ಮತ್ತೆ ಬಿಟ್ಟೆ. ಅಕ್ಷರ ತಪ್ಪಿದರೆ ತಪ್ಪಲಿ, ಓದುವವಳು ನಾನೇ ತಾನೆ.

ಬರೆಯುವುದಕ್ಕೆ ಹೊತ್ತೂ ಇದೆ. ನನ್ನ ಕೆಲಸ ಅಂಥದ್ದು. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಳತೆ ತೆಗೆದು ನಮ್ಮಲ್ಲಿಗೆ ಕಳಿಸುತ್ತಾರೆ. ಅದೊಂದು ರಬ್ಬರಿನಂಥ ಅಚ್ಚು, ಹಲ್ಲು ಇರುವ ಕಡೆಯೆಲ್ಲ ಗುಂಡಿ. ನಾನು ಪ್ಲಾಸ್ಟರ್ ಕಲಸಿ ಆ ಗುಂಡಿಗಳಿಗೆ ಸುರಿಯುತ್ತೇನೆ. ಗಟ್ಟಿಯಾದ ಮೇಲೆ ಅಚ್ಚು ಬಿಡಿಸಿದರೆ ಆ ಮನುಷ್ಯನ ಬಾಯಿ ಇದ್ದ ಹಾಗೇ ಮೇಜಿನ ಮೇಲೆ ಬಂದು ಕೂರುತ್ತದೆ. ಅದಕ್ಕೆ ಮಾಡೆಲ್ ಎನ್ನುತ್ತಾರೆ. ಉಳಿದವರು ಅದನ್ನು ನೋಡಿಕೊಂಡು ಹಲ್ಲು ಕಟ್ಟುತ್ತಾರೆ. ಗಟ್ಟಿಯಾಗಲು ನಲವತ್ತು ನಿಮಿಷ ಬೇಕು, ಅಷ್ಟು ಹೊತ್ತು ಮುಟ್ಟಬಾರದು. ಹನ್ನೊಂದು ವರ್ಷದಿಂದ ಆ ನಲವತ್ತು ನಿಮಿಷದಲ್ಲಿ ನಾನು ಮಾಡಿಕೊಂಡು ಬಂದದ್ದು ಒಂದೇ: ಮನೆಯಲ್ಲಿ ಒಲೆ ಆರಿಸಿದೆನೋ ಇಲ್ಲವೋ, ಬೀಗ ಹಾಕಿದೆನೋ ಇಲ್ಲವೋ ಎಂದು ಯೋಚಿಸುವುದು. ಇನ್ನು ಮೇಲೆ ಮೆಟ್ಟಿಲ ಮೇಲೆ ಕೂತು ಬರೆಯುತ್ತೇನೆ.

ಒಲೆ ಆರಿಸಿದ್ದೇನೆ. ಗ್ಯಾಸಿನ ನಾಬ್ ತಿರುಗಿಸಿದ್ದು ನೆನಪಿದೆ. ಅದು ಇವತ್ತಿನ ನೆನಪೋ ನಿನ್ನೆಯದೋ ಎನ್ನುವುದೇ ಗೊತ್ತಾಗುತ್ತಿಲ್ಲ.

ಮಾರ್ಚ್ 5, ಬುಧವಾರ

ಇವತ್ತು ಲ್ಯಾಬಿಗೆ ಒಂದು ಬಾಯಿ ತನ್ನ ಒಡತಿಯ ಸಮೇತ ಬಂದಿತ್ತು. ಹೀಗೆ ಬರೆದರೆ ನಗು ಬರುತ್ತದೆ, ಆದರೆ ನಮಗೆ ಹಾಗೇ. ನಾವು ಬಾಯಿಗಳನ್ನು ಮಾತ್ರ ನೋಡುವವರು, ಮುಖ ಯಾವತ್ತೋ ಒಮ್ಮೆ.

ಕರೆದುಕೊಂಡು ಬಂದವರು ಕ್ಲಿನಿಕ್ಕಿನ ಡಾಕ್ಟರಮ್ಮ. ಆ ಕ್ಲಿನಿಕ್ಕಿನಲ್ಲಿ ಇಬ್ಬರಿದ್ದಾರೆ: ಮೂವತ್ತು ವರ್ಷದಿಂದ ಇರುವ ದೊಡ್ಡ ಡಾಕ್ಟರು, ಎರಡು ವರ್ಷದ ಹಿಂದೆ ಸೇರಿದ ಈ ಡಾಕ್ಟರಮ್ಮ. ಬಂದ ಹುಡುಗಿ ಈಜು ಕಲಿಸುವವಳು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡೇ ಬಂದಿದ್ದಳು. ಕೊಳದ ಅಂಚಿಗೆ ಬಾಯಿ ಬಡಿದು ಮೇಲಿನ ಮುಂದಿನ ಎರಡು ದೊಡ್ಡ ಹಲ್ಲುಗಳಲ್ಲಿ ಒಂದು ಹೋಗಿದೆ. ಬಣ್ಣ ನೋಡಬೇಕೆಂದು ಕಿಟಕಿಯ ಬೆಳಕಿನಲ್ಲಿ ಕೂರಿಸಿದೆವು. ನಮ್ಮಲ್ಲಿ ಮೇಣದಲ್ಲಿ ಹಲ್ಲು ತಿದ್ದುವ ಹೆಂಗಸನ್ನು ಎಲ್ಲರೂ ಮೇಣದಕ್ಕ ಎನ್ನುತ್ತೇವೆ; ಅವಳು ಬಣ್ಣದ ಹಲ್ಲುಗಳ ಪಟ್ಟಿ ಹಿಡಿದುಕೊಂಡು, "ಬಾಯಿ ಬಿಡು ಕಂದ, ಸೀಟಿ ಹೊಡೀಬೇಡ ಮತ್ತೆ, ನಮಗೆ ಈಜು ಬರಲ್ಲ" ಎಂದಳು. ಹುಡುಗಿ ನಕ್ಕಳು. ಖಾಲಿ ಜಾಗ ಮುಚ್ಚಿಕೊಳ್ಳದೆ ನಕ್ಕಳು. ನನ್ನದು ಹಿಂದಿನ ಹಲ್ಲು ಹೋಗಿ ಆರು ವರ್ಷವಾಯಿತು, ಯಾರಿಗೂ ಕಾಣುವುದಿಲ್ಲ, ಆದರೂ ನಾನು ಇವತ್ತಿಗೂ ಬಾಯಿಗೆ ಕೈ ಅಡ್ಡ ಇಟ್ಟೇ ನಗುವುದು.

ಡಾಕ್ಟರಮ್ಮ ಯಜಮಾನರಿಗೆ ವಿವರಿಸುತ್ತಿದ್ದರು. "ಅಕ್ಕಪಕ್ಕದ ಹಲ್ಲು ನೋಡಿ, ಒಂದು ಗೀರು ಇಲ್ಲ. ಬ್ರಿಡ್ಜ್ ಅಂದ್ರೆ ಎರಡನ್ನೂ ಅರೆದು ಗೂಟ ಮಾಡಿ, ಮೇಲೆ ಒಟ್ಟಿಗೆ ಸೇರಿದ ಮೂರು ಹಲ್ಲು ಕೂರಿಸ್ಬೇಕು. ಒಂದು ಹಲ್ಲಿಗೋಸ್ಕರ ಎರಡು ಒಳ್ಳೇ ಹಲ್ಲು ಯಾಕೆ ಕಳೀಬೇಕು? ಎಲುಬಿಗೆ ಸ್ಕ್ರೂ ಹಾಕಿ ಹಲ್ಲು ನೆಡೋಣ ಅಂದ್ರೆ ಎಲುಬು ತೆಳು, ಸ್ಕ್ರೂ ಕೂರಲ್ಲ. ಅದಕ್ಕೇ ರೆಕ್ಕೆ ಹಲ್ಲು." ರೆಕ್ಕೆ ಹಲ್ಲು ಎಂದರೆ ಒಂದೇ ಹಲ್ಲು, ಅದರ ಬೆನ್ನಿಗೆ ಎರಡು ಪುಟ್ಟ ರೆಕ್ಕೆ, ರೆಕ್ಕೆಗಳನ್ನು ಪಕ್ಕದ ಹಲ್ಲುಗಳ ಹಿಂಬದಿಗೆ ಅಂಟಿಸುತ್ತಾರೆ. ಅರೆಯುವ ಮಾತೇ ಇಲ್ಲ. "ನಮ್ಮ ದೊಡ್ಡ ಡಾಕ್ಟರಿಗೆ ಇದರಲ್ಲಿ ನಂಬಿಕೆ ಇಲ್ಲ. ಇದೊಂದು ಮಾಡಿ ತೋರಿಸು, ಆಮೇಲೆ ನೋಡೋಣ ಅಂದಿದ್ದಾರೆ" ಎಂದು ಸಣ್ಣ ದನಿಯಲ್ಲಿ ಸೇರಿಸಿದರು.

ಹೋಗುವಾಗ ಹುಡುಗಿ ನನ್ನ ಕೈ ನೋಡಿ, "ಅಕ್ಕಾ, ಗೋಡೆಗೆ ಸುಣ್ಣ ಹೊಡೆಯೋಕೆ ಹೋಗಿದ್ರಾ" ಎಂದಳು. ಆಮೇಲೆ, "ಆ ಎರಡು ಹಲ್ಲು ಮಾತ್ರ ಉಳಿಸಿಕೊಡಿ ಅಕ್ಕಾ" ಎಂದಳು. ನನಗೇಕೆ ಹೇಳಿದಳೋ. ಬಾಗಿಲ ಹತ್ತಿರ ನಿಂತಿದ್ದವಳು ನಾನು, ಅಷ್ಟೇ ಇರಬೇಕು. ಅವಳ ಚೀಟಿಯ ನಂಬರು 217.

ಮಾರ್ಚ್ 6, ಗುರುವಾರ

ಇವತ್ತು ಮೆಟ್ಟಿಲ ಮೇಲೆ ಬರೆಯುತ್ತಿಲ್ಲ. ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

217ರ ಅಚ್ಚಿಗೆ ಪ್ಲಾಸ್ಟರ್ ಸುರಿದಾಗ ಹನ್ನೊಂದೂ ಕಾಲು. ಹನ್ನೊಂದೂವರೆಗೆ ಒಲೆಯ ಯೋಚನೆ ಶುರುವಾಯಿತು. ಹಾಲಿನ ಪಾತ್ರೆ ಇಟ್ಟಿದ್ದು ನೆನಪಿದೆ, ಇಳಿಸಿದ್ದು ನೆನಪಿಲ್ಲ. ಮನೆ ನಡೆದರೆ ಹತ್ತು ನಿಮಿಷ. ಗಡಿಯಾರ ನೋಡಿದೆ, ಮೇಜು ನೋಡಿದೆ, ಮತ್ತೆ ಗಡಿಯಾರ. ಹಾಗೇ ಬಿಟ್ಟು ಹೋಗಬಹುದಿತ್ತು. ಆದರೆ ನಾನಿಲ್ಲದಾಗ ಯಾರಾದರೂ ತಳ್ಳಿ ಬೀಳಿಸಿದರೆ ಎಂದು ಅದೂ ಒಂದು ಭಯ. ಬಿಡಿಸಿಟ್ಟೇ ಹೋಗೋಣ ಎಂದು ಇಪ್ಪತ್ತನೆಯ ನಿಮಿಷಕ್ಕೆ ಅಚ್ಚು ಎಳೆದೆ.

ಖಾಲಿ ಜಾಗದ ಪಕ್ಕದ ಸಣ್ಣ ಹಲ್ಲು ಅಚ್ಚಿನಲ್ಲೇ ಉಳಿಯಿತು.

ಪಿನ್ನು ಹಾಕಿ ಮೀಟಿದೆ. ಹಲ್ಲು ಬಂತು, ಅಚ್ಚು ಹರಿಯಿತು. ಇನ್ನು ಅದರಲ್ಲಿ ಎರಡನೆಯ ಸಲ ಸುರಿಯುವ ಹಾಗಿಲ್ಲ. ಮೇಣದಕ್ಕ ಎದ್ದು ಬಂದು ನೋಡಿ, "ಅಯ್ಯೋ ಅಷ್ಟೇನಾ, ಅಂಟಿಸು" ಎಂದು ತನ್ನ ಅಂಟಿನ ಟ್ಯೂಬು ಕೊಟ್ಟಳು. ಹಲ್ಲು ಮುರಿದರೆ ಡಾಕ್ಟರಿಗೆ ಹೇಳಿ ಹೊಸ ಅಳತೆ ತರಿಸಬೇಕು ಎಂಬುದು ಯಜಮಾನರ ಕಟ್ಟಪ್ಪಣೆ. ಗೋಡೆಗೂ ಬರೆದು ಅಂಟಿಸಿದ್ದಾರೆ. ಆದರೆ ಎಲ್ಲರೂ ಅಂಟಿಸುತ್ತಾರೆ. ನಾನೂ ಎರಡು ಮೂರು ಸಲ ಅಂಟಿಸಿದ್ದೇನೆ, ಅವೆಲ್ಲ ಯಾವುದೋ ಮೂಲೆಯ ಹಲ್ಲುಗಳು. ಅಂಟಿಸಿದೆ. ಗೆರೆ ಕಾಣದ ಹಾಗೆ ಉಜ್ಜಿದೆ. ಮನೆಗೆ ಓಡಿದೆ.

ಒಲೆ ಆರಿತ್ತು. ಹಾಲು ಇಳಿಸಿ ಮುಚ್ಚಳ ಮುಚ್ಚಿಟ್ಟಿದ್ದೆ.

ಮಾರ್ಚ್ 7, ಶುಕ್ರವಾರ

217 ಮುಂದಿನ ಮೇಜಿಗೆ ಹೋಯಿತು. ಹಲ್ಲು ನೆಟ್ಟಗೇ ಇದೆ ಎಂದು ನಾಲ್ಕು ಸಲ ನೋಡಿದ್ದೆ. ಐದನೆಯ ಸಲ ನೋಡಿದಾಗ ಕೂದಲೆಳೆಯಷ್ಟು ತಿರುಗಿದೆಯೇನೋ ಎನಿಸಿತು. ಮೇಣದಕ್ಕನಿಗೆ ಹೇಳಿದೆ. "ನೀನು ನೋಡ್ತಾ ಇದ್ರೆ ಆ ಹಲ್ಲಲ್ಲ, ಈ ಗೋಡೆನೂ ತಿರುಗತ್ತೆ" ಎಂದಳು.

ಮಾರ್ಚ್ 13, ಗುರುವಾರ

217ರ ರೆಕ್ಕೆ ಹಲ್ಲು ಕ್ಲಿನಿಕ್ಕಿನಿಂದ ವಾಪಸ್ ಬಂತು. ಡಬ್ಬಿಯೊಳಗೆ ಡಾಕ್ಟರಮ್ಮನ ಚೀಟಿ: ಕೂರುತ್ತಿಲ್ಲ, ಒಂದು ರೆಕ್ಕೆ ಎದ್ದು ನಿಲ್ಲುತ್ತದೆ, ಎರಡು ಗಂಟೆ ಪ್ರಯತ್ನಿಸಿದೆ.

ಯಜಮಾನರು ಮಾಡೆಲ್ ತರಿಸಿದರು. ರೆಕ್ಕೆ ಹಲ್ಲನ್ನು ಅದರ ಮೇಲೆ ಕೂರಿಸಿದರು. ಟಿಕ್ ಎಂದು ಕೂತಿತು. ತೆಗೆದರು, ಮತ್ತೆ ಕೂರಿಸಿದರು. ಟಿಕ್. ನಮ್ಮನ್ನೆಲ್ಲ ಕರೆದು ತೋರಿಸಿದರು. "ನೋಡಿ, ಮಾಡೆಲ್ ಮೇಲೆ ಹೀಗೆ ಕೂತಿದೆ, ಬಾಯಲ್ಲಿ ಕೂತಿಲ್ಲ ಅಂದ್ರೆ ತಪ್ಪು ನಮ್ಮದಲ್ಲ. ಅಳತೆ ತೆಗೆದಿದ್ದೇ ಸರಿ ಇಲ್ಲ." ಅವರ ಮುಖದಲ್ಲಿ ಸಮಾಧಾನವಿತ್ತು. ನಾನು ಆ ಅಂಟಿಸಿದ ಹಲ್ಲನ್ನೇ ನೋಡುತ್ತಿದ್ದೆ. ಕೂರದೆ ಏನು ಮಾಡುತ್ತದೆ, ತಿರುಗಿದ ಹಲ್ಲಿಗೆ ಸರಿಯಾಗಿಯೇ ಮಾಡಿದ್ದಾರೆ.

ಡಾಕ್ಟರಮ್ಮನಿಗೆ ಫೋನು ಮಾಡಿ ಸ್ಪೀಕರ್ ಹಾಕಿದರು. ಅವರು ವಾದ ಮಾಡುತ್ತಾರೆ ಅಂದುಕೊಂಡಿದ್ದೆ. "ಹೌದಾ. ಹಾಗಾದ್ರೆ ನನ್ನ ಕೈಯೇ ಅಲುಗಿರಬೇಕು" ಎಂದರು.

ನಾನು ಪ್ಲಾಸ್ಟರ್ ಬಟ್ಟಲು ತೊಳೆಯಲು ಹೋದೆ. ತೊಳೆದ ಬಟ್ಟಲನ್ನೇ ತೊಳೆದೆ.

ಮಾರ್ಚ್ 14, ಶುಕ್ರವಾರ

ಮಧ್ಯಾಹ್ನ ದೊಡ್ಡ ಡಾಕ್ಟರೇ ಲ್ಯಾಬಿಗೆ ಬಂದರು, ಬೇರೆ ಏನೋ ಕೆಲಸಕ್ಕೆ. 217ರ ಮಾತು ಬಂತು. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಅವರು ಕುರ್ಚಿಯ ತುದಿಯಲ್ಲಿ ಕೂತು, ತಮ್ಮ ಮಗಳ ವಿಷಯ ಹೇಳುವ ಹಾಗೆ ಹೇಳಿದರು:

"ನೋಡಿ, ನನಗೇನು ಒಳ್ಳೇ ಹಲ್ಲು ಅರೆಯೋ ಚಟ ಇಲ್ಲ. ನಮ್ಮ ಡಾಕ್ಟರಮ್ಮ, ಆ ಮಗು ಕಲಿತು ಬಂದಿರೋದು ಒಳ್ಳೇದೇ. ಹಲ್ಲು ಮುಟ್ಟಬೇಡಿ, ಆದಷ್ಟು ಉಳಿಸಿ ಅಂತ. ಆದ್ರೆ ಈ ಹುಡುಗಿ ದಿನಾ ನೀರಲ್ಲಿ ಇರೋಳು, ಸೀಟಿ ಕಚ್ಚೋಳು. ನಾಳೆ ಅಂಟು ಬಿಟ್ಟು ಹಲ್ಲು ಕೊಳದ ತಳ ಸೇರಿದ್ರೆ? ಗಂಟಲಿಗೆ ಇಳಿದ್ರೆ? ನಾನು ಹಾಕಿದ ಬ್ರಿಡ್ಜ್‌ಗಳು ಇಪ್ಪತ್ತು ವರ್ಷ ಆದ್ರೂ ಇನ್ನೂ ಬಾಯಲ್ಲಿವೆ."

"ಇನ್ನೊಂದು ಸಲ ಅಳತೆ ತೆಗೆದು ನೋಡಬಹುದಿತ್ತಲ್ಲ" ಎಂದರು ಯಜಮಾನರು. ಅದನ್ನೇ ಹೇಳಿ, ಅದನ್ನೇ ಹೇಳಿ ಎಂದು ಮನಸ್ಸಿನಲ್ಲೇ ದುಂಬಾಲು ಬಿದ್ದೆ.

"ಆ ಮಗೂನೂ ಅದನ್ನೇ ಕೇಳಿದ್ಲು. ನಾನೇ ಬೇಡ ಅಂದೆ. ತಿಂಗಳ ಕೊನೆಗೆ ಹುಡುಗಿ ಮೂರು ತಿಂಗಳು ತರಬೇತಿ ಶಿಬಿರಕ್ಕೆ ಹೋಗ್ತಾಳೆ. ಅವಳಿಗೂ ಸಾಕಾಗಿದೆ, ಗಟ್ಟಿಯಾಗಿರೋದೇ ಹಾಕಿಬಿಡಿ ಅಂದ್ಲು. ಇಪ್ಪತ್ತೊಂದು, ಶುಕ್ರವಾರ, ಹನ್ನೊಂದು ಗಂಟೆಗೆ ಅರೀತೀವಿ."

ಏಳು ದಿನ. ಬೆರಳು ಮಡಿಸಿ ಎಣಿಸಿದೆ. ಇವತ್ತನ್ನು ಸೇರಿಸಿದರೆ ಎಂಟು.

ಮಾರ್ಚ್ 15, ಶನಿವಾರ

ಊಟದ ಹೊತ್ತಿಗೆ ಮೇಣದಕ್ಕನನ್ನು ಹಿಂದಿನ ಮೆಟ್ಟಿಲಿಗೆ ಕರೆದೆ. ಯಜಮಾನರಿಗೆ ಹೇಳಿಬಿಡುತ್ತೇನೆ ಎಂದೆ.

"ಏನಂತ?"

"ಹಲ್ಲು ಅಂಟಿಸಿದ್ದೆ ಅಂತ."

"ಅಂಟು ಯಾರದು ಅಂತ ಕೇಳ್ತಾರೆ."

ಅವಳು ಡಬ್ಬಿ ಮುಚ್ಚಿದಳು. ತಮಾಷೆ ಮಾಡುವ ಅವಳ ಮುಖ ಹಾಗಾದದ್ದನ್ನು ನಾನು ನೋಡಿರಲಿಲ್ಲ. "ನೋಡು, ನಿನ್ನ ಗಂಡನಿಗೆ ಕೆಲಸ ಇದೆ. ನನ್ನ ಮನೇಲಿ ದುಡಿಯೋಳು ನಾನೊಬ್ಬಳೇ. ನೀನು ಮನಸ್ಸು ಹಗುರ ಮಾಡ್ಕೊಳ್ಳೋಕೆ ನನ್ನ ಹೊಟ್ಟೆ ಮೇಲೆ ಹೊಡೀಬೇಡ." ಎದ್ದು ಎರಡು ಮೆಟ್ಟಿಲು ಹತ್ತಿ ಮತ್ತೆ ತಿರುಗಿದಳು. "ಅಷ್ಟಕ್ಕೂ ಅದರಿಂದಲೇ ಆಗಿದ್ದು ಅಂತ ನಿನಗೆ ಯಾರು ಹೇಳಿದ್ರು? ಅಳತೆನೂ ಕೆಟ್ಟಿರಬಹುದಲ್ಲ."

ಇರಬಹುದು. ಅದು ನನಗೆ ಹೊಳೆದಿರಲಿಲ್ಲ. ಅರ್ಧ ಗಂಟೆ ಅದನ್ನೇ ಹಿಡಿದುಕೊಂಡು ನೆಮ್ಮದಿಯಾಗಿದ್ದೆ. ಆಮೇಲೆ ಕಪಾಟಿನಿಂದ ಮಾಡೆಲ್ ತೆಗೆದು ನೋಡಿದೆ. ತಿರುಗಿದೆ. ಈಗ ಎದ್ದು ಕಾಣುತ್ತಿದೆ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಬೀಗ ನೋಡಲು ಎರಡು ಸಲ ವಾಪಸ್ ಹೋದೆ. ಲ್ಯಾಬಿಗೆ ತಡವಾಯಿತು.

ಹೆಸರು ಹೇಳದೆ ಫೋನು ಮಾಡಿದರೆ ಹೇಗೆ ಎಂದು ಹೊಳೆಯಿತು. ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ ಕ್ಲಿನಿಕ್ಕಿಗೆ ಮಾಡಿದೆ. ಅಲ್ಲಿ ಫೋನು ಎತ್ತುವ ಹುಡುಗಿ, "ಹೇಳಿ, ಏನು ತೊಂದರೆ" ಎಂದಳು. ಏನು ತೊಂದರೆ ಎಂದು ಅಷ್ಟು ಮೆತ್ತಗೆ ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ, ಹೇಳಬೇಕೆಂದಿದ್ದೆಲ್ಲ ಮರೆತುಹೋಯಿತು. "ಹಲ್ಲು" ಎಂದೆ. "ನಾಳೆ ಹತ್ತೂವರೆಗೆ ಬನ್ನಿ" ಎಂದು ಇಟ್ಟುಬಿಟ್ಟಳು.

ಮಾರ್ಚ್ 18, ಮಂಗಳವಾರ

ಹೋದೆ. ಮೈ ಸರಿಯಿಲ್ಲ ಎಂದು ಲ್ಯಾಬಿಗೆ ರಜೆ ಹೇಳಿ ಹೋದೆ. ಡಾಕ್ಟರಮ್ಮನೇ ಇದ್ದರು. ಇಲ್ಲಿ ಮಾಸ್ಕ್ ಹಾಕಿದ್ದರು; ನನ್ನನ್ನು ಲ್ಯಾಬಿನವಳೆಂದು ಗುರುತಿಸಲಿಲ್ಲ. ಕೈ ತೊಳೆದು ಶುಭ್ರವಾಗಿ ಹೋಗಿದ್ದೆನಲ್ಲ. ಹೇಳೋಣ ಎಂದು ಬಾಯಿ ತೆರೆದೆ, "ಹಾಂ, ಹಾಗೇ ಇರಲಿ" ಎಂದು ಕನ್ನಡಿಯ ಕಡ್ಡಿ ಒಳಗಿಟ್ಟರು.

ಬಾಯಿ ತುಂಬ ಹತ್ತಿ, ಕಣ್ಣಿಗೆ ದೀಪ. ಹನ್ನೊಂದು ವರ್ಷದಿಂದ ಬಾಯಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದವಳು ನಾನು. ಆ ಬಾಯಿಗಳಿಗೆ ಏನಾದರೂ ಹೇಳಬೇಕಿತ್ತೋ ಎಂದು ಮೊದಲ ಸಲ ಅನಿಸಿತು.

"ಇಲ್ಲೊಂದು ಹಲ್ಲಿಲ್ಲ. ಎಷ್ಟು ವರ್ಷ ಆಯ್ತು?"

ಆರು ಬೆರಳು ತೋರಿಸಿದೆ.

"ಅಗಿಯೋಕೆ ತೊಂದರೆ ಇದೆಯಾ? ಇಲ್ವಾ. ಹಾಗಾದ್ರೆ ಬಿಟ್ಟುಬಿಡಿ. ಪಕ್ಕದ ಹಲ್ಲು ವಾಲಿಲ್ಲ, ಮೇಲಿನದು ಇಳಿದಿಲ್ಲ. ಎಲ್ಲ ಖಾಲಿ ಜಾಗನೂ ತುಂಬಲೇಬೇಕು ಅಂತೇನಿಲ್ಲ. ಏನೂ ಮಾಡದೆ ಇರೋದೂ ಒಂದು ಚಿಕಿತ್ಸೆನೇ." ಹಾಗೆಂದು ಕಡ್ಡಿ ಹೊರಗೆ ತೆಗೆದು ತಟ್ಟೆಯಲ್ಲಿಟ್ಟರು. "ನಾನು ಹೀಗೆ ಹೇಳ್ತೀನಿ ಅಂತ ನಮ್ಮ ದೊಡ್ಡ ಡಾಕ್ಟರಿಗೆ ಹೇಳ್ಬೇಡಿ. ಮುಟ್ಟಬಾರದು, ಮುಟ್ಟಬಾರದು ಅಂತ ದೊಡ್ಡದಾಗಿ ಹೇಳ್ಕೊಂಡು ತಿರುಗ್ತಿದ್ದೆ. ಮೊನ್ನೆ ಒಂದು ಅಳತೆ ನೆಟ್ಟಗೆ ತೆಗೆಯೋಕೆ ಆಗ್ಲಿಲ್ಲ ನನಗೆ. ಈಗ ಒಂದು ಹುಡುಗಿಯ ಎರಡು ಹಲ್ಲು ಹೋಗ್ತಿವೆ." ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದರು. "ಸಾರಿ, ನಿಮಗೆ ಯಾಕೆ ಹೇಳ್ದೆ ಇದನ್ನೆಲ್ಲ."

ಹತ್ತಿ ತೆಗೆದಿದ್ದರು. ಬಾಯಿ ಖಾಲಿ ಇತ್ತು. ನಿಮ್ಮ ಕೈ ಸರಿಯಾಗಿತ್ತು ಡಾಕ್ಟರಮ್ಮ, ಅಳತೆ ಸರಿಯಾಗಿತ್ತು. ಎರಡೇ ಮಾತು. ನಾನು ಲೋಟದ ನೀರಲ್ಲಿ ಬಾಯಿ ಮುಕ್ಕಳಿಸಿ ಉಗಿದು, ಬರ್ತೀನಿ ಎಂದು ಎದ್ದೆ.

ಮೇಣದಕ್ಕನ ಕೆಲಸ ಉಳಿಯಲಿ ಎಂದು ಸುಮ್ಮನಾದೆ ಅಂತ ಬರೆಯಬೇಕೆಂದಿದ್ದೆ. ಅದು ನಿಜವಲ್ಲ. ಆ ಹೊತ್ತಿನಲ್ಲಿ ಅವಳ ನೆನಪೇ ಇರಲಿಲ್ಲ. ಭಯ, ಅಷ್ಟೇ. ಇವರು ನನ್ನ ಮುಖ ನೋಡುತ್ತಾರಲ್ಲ ಎಂಬ ಭಯ.

ಮಾರ್ಚ್ 20, ಗುರುವಾರ

ನಾಳೆ ಹನ್ನೊಂದಕ್ಕೆ. ಹತ್ತಕ್ಕೇ ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೇನೆ, ಮಾತು ಬರದಿದ್ದರೆ ಕೈಗೆ ಕೊಟ್ಟುಬಿಡುವುದು. ನಮ್ಮವರಿಗೆ ಹೇಳಿದೆ. ಅವರು ಊಟ ಮಾಡುತ್ತಿದ್ದವರು ನಿಲ್ಲಿಸಿ, "ಹೇಳು. ಕೆಲಸ ಹೋದ್ರೆ ಹೋಗ್ಲಿ, ನಿನ್ನನ್ನು ಲಿಫ್ಟಿನ ಗುಂಡಿ ಒತ್ತೋಕೆ ಇಟ್ಕೋತೀನಿ. ಆದ್ರೆ ಮೇಲೆ ಒತ್ತಿದ್ನೋ ಕೆಳಗೆ ಒತ್ತಿದ್ನೋ ಅಂತ ವಾಪಸ್ ಬಂದು ಕೇಳ್ಬಾರ್ದು" ಎಂದರು. ಒಂದು ವಾರದಿಂದ ನಾನು ನಕ್ಕಿದ್ದು ಇದೇ ಮೊದಲು.

ಮಾರ್ಚ್ 21, ಶುಕ್ರವಾರ

ಒಂಬತ್ತೂವರೆಗೆ ಮನೆ ಬಿಟ್ಟೆ. ಚೀಟಿ ಕೈಯಲ್ಲೇ ಇತ್ತು. ಬಸ್ಸು ಹತ್ತಿದೆ. ಮೂರನೆಯ ನಿಲ್ದಾಣದಲ್ಲಿ ಬೀಗದ ನೆನಪು ಬಂತು.

ಇಳಿದೆ. ವಾಪಸ್ ಬಸ್ಸಿಗೆ ಕಾದೆ. ಮನೆಗೆ ಹೋದೆ.

ಬೀಗ ಹಾಕಿತ್ತು. ಹಾಕಿದ್ದೇನೆ ಎಂದು ನನಗೆ ಗೊತ್ತಿತ್ತು. ಇಳಿಯುವಾಗಲೂ ಗೊತ್ತಿತ್ತು. ಬೀಗ ಹಿಡಿದು ಎಳೆದು ನೋಡಿದೆ, ಇನ್ನೊಂದು ಸಲ ಎಳೆದೆ, ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತೆ.

ಕ್ಲಿನಿಕ್ಕು ಮುಟ್ಟಿದಾಗ ಹನ್ನೊಂದೂ ಮುಕ್ಕಾಲು. ಹೊರಗಿನ ಬೆಂಚಿನ ಮೇಲೆ ಒಂದು ಚೀಲ, ಅದರ ಪಕ್ಕ ದಾರದ ಸಮೇತ ಸೀಟಿ. ಒಳಗಿನಿಂದ ಯಂತ್ರದ ಸದ್ದು. ನಿಲ್ಲುತ್ತದೆ, ನೀರು ಉಗಿಯುವ ಸದ್ದು, ಮತ್ತೆ ಶುರುವಾಗುತ್ತದೆ. "ನಿಮ್ಮದು ಎಷ್ಟು ಗಂಟೆಗೆ" ಎಂದು ಫೋನಿನ ಹುಡುಗಿ ಕೇಳಿದಳು. ಆಗಿಹೋಯಿತು ಎಂದೆ.

ಮಾರ್ಚ್ 22, ಶನಿವಾರ

217ರ ಹೊಸ ಅಳತೆ ಬಂತು. ಚೀಟಿಯಲ್ಲಿ ದೊಡ್ಡ ಡಾಕ್ಟರ ಅಕ್ಷರ: ಬ್ರಿಡ್ಜ್, ಮೂರು ಹಲ್ಲು.

ಸುರಿದೆ. ಗಡಿಯಾರದ ಕೆಳಗೆ ಕೂತೆ. ನಲವತ್ತು ನಿಮಿಷ ಒಂದು ಅಕ್ಷರವೂ ಬರೆಯಲಿಲ್ಲ. ಒಲೆ ನೆನಪಾಗಲಿಲ್ಲ. ನಲವತ್ತೈದಕ್ಕೆ ಬಿಡಿಸಿದೆ. ಹರಳಿನ ಹಾಗೆ ಬಂತು, ಎಲ್ಲೂ ಒಂದು ಗುಳ್ಳೆ ಇಲ್ಲ. ಖಾಲಿ ಜಾಗದ ಎರಡೂ ಕಡೆ ಎರಡು ಗೂಟ. ಮಕ್ಕಳು ಕೆತ್ತಿ ಕೆತ್ತಿ ಸಣ್ಣ ಮಾಡಿದ ಪೆನ್ಸಿಲಿನ ಹಾಗೆ.

ಯಜಮಾನರು ಬೆಳಕಿಗೆ ಹಿಡಿದು ನೋಡಿ, "ಇದು ಕೆಲಸ ಅಂದ್ರೆ" ಎಂದರು.

ಮಾರ್ಚ್ 26, ಬುಧವಾರ

ಹುಡುಗಿ ಬಣ್ಣ ನೋಡಿಸಲು ಒಬ್ಬಳೇ ಬಂದಳು. ಗೂಟಗಳ ಮೇಲೆ ತಾತ್ಕಾಲಿಕ ಪ್ಲಾಸ್ಟಿಕ್ ಹಲ್ಲು ಹಾಕಿದ್ದರು, ಸ್ವಲ್ಪ ಹಳದಿ. ಮೇಣದಕ್ಕ ಬಾತ್ರೂಮಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಪಟ್ಟಿ ಹಿಡಿದವಳು ನಾನೇ.

"ಸುಣ್ಣದಕ್ಕಾ, ಚೆನ್ನಾಗಿದೀರಾ? ಯಾಕೆ ಇಷ್ಟು ಸೊರಗಿದೀರಿ?"

"ಏನಿಲ್ಲ. ನೋವಾಯ್ತಾ?"

"ಇಂಜೆಕ್ಷನ್ ಕೊಟ್ಟಿದ್ರು. ತಣ್ಣೀರು ಕುಡಿದ್ರೆ ಮಾತ್ರ ಪ್ರಾಣ ಹೋಗತ್ತೆ. ಪಾಪ, ನನಗಿಂತ ಡಾಕ್ಟರಮ್ಮನೇ ಅಳೋ ಹಾಗಿದ್ರು. ಮೆಷಿನ್ ಹಿಡಿದಿದ್ದು ದೊಡ್ಡ ಡಾಕ್ಟರು, ಇವರು ನನ್ನ ಭುಜ ಹಿಡಿದುಕೊಂಡಿದ್ರು." ಕಿಟಕಿಯ ಹೊರಗೆ ನೋಡಿದಳು. "ನಂದೇ ತಪ್ಪು ಅಕ್ಕಾ. ನನ್ನ ಹಲ್ಲಿನ ಆಕಾರವೇ ಸರಿ ಇರಲಿಲ್ಲ ಅನ್ಸತ್ತೆ. ರೆಕ್ಕೆ ಹಲ್ಲು ಎಲ್ಲರಿಗೂ ಆಗಿಬರಲ್ಲವಂತೆ."

ಡಾಕ್ಟರಮ್ಮ ತಮ್ಮ ಕೈಯದು ಎಂದುಕೊಂಡಿದ್ದಾರೆ. ಇವಳು ತನ್ನ ಹಲ್ಲಿನದು ಎಂದುಕೊಂಡಿದ್ದಾಳೆ. ಎಲ್ಲರೂ ಒಂದೊಂದು ತುಂಡು ಹಂಚಿಕೊಂಡು ಹೋಗಿಬಿಟ್ಟಿದ್ದಾರೆ.

"ಇಲ್ಲ" ಎಂದೆ. "ನಿಮ್ಮ ಹಲ್ಲು ಸರಿಯಾಗಿತ್ತು."

"ನಿಮಗೆ ಹೇಗೆ ಗೊತ್ತು?"

"ನಾನು ನೋಡಿದ್ದೆ."

ಅವಳು ಕಾದಳು. ನಿಜವಾಗಿಯೂ ಕಾದಳು, ಪ್ಲಾಸ್ಟಿಕ್ ಹಲ್ಲಿನ ಬಾಯಿ ಅರ್ಧ ತೆರೆದುಕೊಂಡು. ನಾನು ಪಟ್ಟಿಯ ಮೂರನೆಯ ಬಣ್ಣ ಹಿಡಿದು, ಇದು ಹೊಂದುತ್ತದೆ ಎಂದು ಚೀಟಿಯಲ್ಲಿ ಬರೆದುಕೊಂಡೆ.

ಏಪ್ರಿಲ್ 9, ಬುಧವಾರ

ಬಹಳ ದಿನ ಬರೆಯಲಿಲ್ಲ. ಬರೆಯಲು ಭಯ ಯಾವುದೂ ಇರಲಿಲ್ಲ.

ಈ ವಾರ ಕ್ಲಿನಿಕ್ಕಿನಿಂದ ಬಂದ ಚೀಟಿಗಳಲ್ಲಿ ಮೂರು ಡಾಕ್ಟರಮ್ಮನವು. ಮೊದಲೆಲ್ಲ ಅವರ ಚೀಟಿಗಳೆಂದರೆ ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಪ್ಲೇಟು, ರೆಕ್ಕೆ ಹಲ್ಲು ಆಗುತ್ತದೆಯೇ ಎಂಬ ವಿಚಾರಣೆ, ಸುಮ್ಮನೆ ಬಿಡಬಹುದೇ ಎಂದು ನೋಡಲು ಮಾಡೆಲ್, ಹೀಗೇ ಏನಾದರೂ. ಈಗ ಮೂರೂ ಬ್ರಿಡ್ಜ್. ಮೂರೂ ಸುರಿದೆ. ಆರು ಗೂಟ.

ನಮ್ಮವರು ತಮ್ಮ ಗೆಳೆಯರ ಹತ್ತಿರ ಹೇಳುತ್ತಿದ್ದರು, "ನಮ್ಮನೆಯವಳು ಪೂರ್ತಿ ವಾಸಿ. ಬೀಗ ಹಾಕಿ ಒಂದು ಸಲವೂ ಹಿಂದೆ ತಿರುಗಿ ನೋಡಲ್ಲ ಈಗ. ಎಲ್ಲ ಆ ಪುಸ್ತಕದ ಮಹಿಮೆ." ನನ್ನ ಕಡೆ ನೋಡಿ ಹೆಮ್ಮೆಯಿಂದ ನಕ್ಕರು. ಹೌದಲ್ಲ ಎನಿಸಿತು. ನಾನು ಗಮನಿಸಿಯೇ ಇರಲಿಲ್ಲ.

ಏಪ್ರಿಲ್ 17, ಗುರುವಾರ

ಹನ್ನೊಂದೂ ಇಪ್ಪತ್ತಕ್ಕೆ ಒಂದು ಕೆಳದವಡೆ ಸುರಿದು ಕೂತಿದ್ದೆ. ಐದು ನಿಮಿಷಕ್ಕೆ ಪಕ್ಕದ ಮನೆಯವರ ಫೋನು. ನಮ್ಮ ಅಡುಗೆಮನೆಯ ಕಿಟಕಿಯಿಂದ ಹೊಗೆ ಬರುತ್ತಿತ್ತಂತೆ. ಹಾಲಿನ ಪಾತ್ರೆ ಒಲೆಯ ಮೇಲೆ ಸೀದು ಕರಕಲಾಗಿ, ಪಕ್ಕದ ಬಟ್ಟೆಗೆ ಹತ್ತಿಕೊಂಡಿತ್ತಂತೆ. ಬೀಗ ಒಡೆಯಬೇಕೆಂದು ಕಲ್ಲು ತಂದರೆ ಬೀಗವೇ ಹಾಕಿರಲಿಲ್ಲವಂತೆ. ಒಳಗೆ ಹೋಗಿ ಆರಿಸಿ ನೀರು ಹೊಯ್ದಿದ್ದಾರೆ. ಗೋಡೆ ಸೂರಿನವರೆಗೆ ಕಪ್ಪಾಗಿದೆ, ಬೇಗ ಬನ್ನಿ ಎಂದರು.

"ಹೌದಾ" ಎಂದೆ. "ಬರ್ತೀನಿ."

ಮೇಣದಕ್ಕ ಎದ್ದು ನಿಂತಿದ್ದಳು. ಯಜಮಾನರೂ ಬಂದರು, "ಹೋಗಮ್ಮಾ, ಹೋಗು, ಇದನ್ನ ನಾವು ನೋಡ್ಕೋತೀವಿ" ಎಂದರು.

ಗಡಿಯಾರ ನೋಡಿದೆ. ಇನ್ನೂ ಮೂವತ್ತೈದು ನಿಮಿಷ ಇತ್ತು. ಪುಸ್ತಕ ತೆಗೆದು ಮಡಿಲಲ್ಲಿಟ್ಟುಕೊಂಡು ಇಷ್ಟು ಬರೆದೆ. ಈಗ ನಲವತ್ತು ನಿಮಿಷ ಆಗಿದೆ. ಅಚ್ಚು ಬಿಡಿಸಿ, ಒಂದೊಂದು ಹಲ್ಲನ್ನೂ ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಮನೆಗೆ ಹೋಗುತ್ತೇನೆ.